ಸಹಾಯ ಬೇಕು: ‘ಪ್ಲೇಫುಲ್ ಕಿಸ್’ ಮುಗೀತು, ಮುಂದೇನು ನೋಡಲಿ?

ಎಲ್ಲರಿಗೂ ನಮಸ್ಕಾರ. 2010ರ ಕೊರಿಯನ್ ಧಾರಾವಾಹಿ ‘ಪ್ಲೇಫುಲ್ ಕಿಸ್’ನ 16 ಕಂತುಗಳನ್ನೂ ನಾಲ್ಕೇ ದಿನದಲ್ಲಿ ನೋಡಿ ಮುಗಿಸಿದೆ. ಯೂಟ್ಯೂಬ್‌ಗೆ ಅಂತಲೇ ಮಾಡಿದ ಏಳು ಪುಟ್ಟ ಕಂತುಗಳೂ ಆದವು. ಈಗ ಮನೆ ಖಾಲಿ ಖಾಲಿ ಅನ್ನಿಸ್ತಿದೆ.

ಹುಡುಗಿ ಓ ಹನಿ ಓದಿನಲ್ಲಿ ಹಿಂದೆ. ಹುಡುಗ ಬೇಕ್ ಸುಂಗ್ ಜೋ ಇಡೀ ಶಾಲೆಗೇ ಮೊದಲು. ಅವಳು ಬರೆದ ಪ್ರೇಮಪತ್ರವನ್ನು ತಿದ್ದಿ, ಗ್ರೇಡ್ ಹಾಕಿ ವಾಪಸ್ ಕೊಡ್ತಾನೆ! ಆಮೇಲೆ ಸಣ್ಣ ಭೂಕಂಪಕ್ಕೇ ಅವಳ ಹೊಸ ಮನೆ ಕುಸಿದು, ಅಪ್ಪನ ಗೆಳೆಯರ ಮನೆಗೆ ಹೋದರೆ ಅದು ಅವನದೇ ಮನೆ. ನನಗಂತೂ ಅವನಿಗಿಂತ ಅವನ ಅಮ್ಮನೇ ಜಾಸ್ತಿ ಇಷ್ಟ. ಅಂಥ ಅತ್ತೆ ಯಾರಿಗುಂಟು?

ಇದಕ್ಕೆ ಮೂಲ ಕಾವೊರು ತಾದಾ ಅವರ ಜಪಾನಿ ಮಾಂಗಾ (ಕಾಮಿಕ್ಸ್) ‘ಇತಾಜುರಾ ನಾ ಕಿಸ್’. 1990ರಲ್ಲಿ ಶುರುವಾಯಿತು. 1999ರಲ್ಲಿ ಅವರು ತೀರಿಕೊಂಡಿದ್ದರಿಂದ ಕಥೆ ಅರ್ಧಕ್ಕೇ ನಿಂತಿತು. ನನ್ನ ತಲೆನೋವು ಅದೇ. ಅವರು ಅಂದುಕೊಂಡಿದ್ದ ಕೊನೆ 2008ರ ಅನಿಮೆಯಲ್ಲಿದೆ (ಜಪಾನಿ ಕಾರ್ಟೂನ್ ಧಾರಾವಾಹಿ) ಅಂತಾರೆ. ನೇರವಾಗಿ ಅದನ್ನೇ ನೋಡಲಾ, ಇಲ್ಲ ಮೊದಲು ಮಾಂಗಾ ಓದಲಾ? ಇದೇ ಕಥೆಯ 2005ರ ತೈವಾನ್ ಧಾರಾವಾಹಿ, 2013ರ ಜಪಾನಿನದು ಎರಡನ್ನೂ ನೋಡಿದವರು ಇದ್ದೀರಾ? ಯಾವುದರಲ್ಲಿ ಹುಡುಗ ಸ್ವಲ್ಪ ಬೇಗ ಕರಗ್ತಾನೆ? ಕೊರಿಯಾದವನು ನಗೋಕೂ ಲೆಕ್ಕ ಇಡ್ತಾನೆ.

ಮಾಂಗಾ ಬಲದಿಂದ ಎಡಕ್ಕೆ ಓದಬೇಕಲ್ವಾ, ಮೊಬೈಲಿನಲ್ಲಿ ಓದಿದರೆ ಗೊಂದಲ ಆಗುತ್ತಾ? ಅದನ್ನೂ ತಿಳಿಸಿ. ಕೊನೆಯಲ್ಲಿ ಏನಾಗುತ್ತೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ.