ಹೊಕ್ಕುಳಬಳ್ಳಿ ರಕ್ತದಾಗ ಕೊಲೆಸ್ಟ್ರಾಲ್ 68: ರಿಪೋರ್ಟಿನಾಗ ಏನು ಬರೀಬೇಕು?

ಯಾದಗಿರಿ ಲ್ಯಾಬ್:
ಹೆರಿಗಿ ಹೊತ್ತಿನಾಗ ತೆಗೆದ ಹೊಕ್ಕುಳಬಳ್ಳಿ ರಕ್ತದ ಲಿಪಿಡ್ ಪ್ರೊಫೈಲ್ (ಕೊಬ್ಬಿನ ಪರೀಕ್ಷೆ) ಹಿಂಗ ಬಂದದ, ಎಲ್ಲಾ ನಂಬರ್ ಮಿ.ಗ್ರಾಂ/ಡೆ.ಲೀ.ನಾಗ: ಟೋಟಲ್ ಕೊಲೆಸ್ಟ್ರಾಲ್ 68, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 30, ಟ್ರೈಗ್ಲಿಸರೈಡ್ (ರಕ್ತದಾಗಿನ ಇನ್ನೊಂದು ಕೊಬ್ಬು) 45, ಉಳಿದ ನಂಬರಿಂದ ಲೆಕ್ಕ ಹಾಕಿದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 29. ಸಾಫ್ಟ್‌ವೇರ್ ಎಚ್‌ಡಿಎಲ್ ಮುಂದ ಕೆಂಪಗ 'ಲೋ' ಅಂತ ಹಾಕ್ಯದ. ಕೂಸಿನ ಅಪ್ಪಗ ಎಲ್‌ಡಿಎಲ್ 210, ಅಜ್ಜಗ 42ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಗಂಡ ಹೆಂಡ್ತಿ ಇಬ್ರೂ ಅತ್ತಿ-ಮಾವನ ಮಕ್ಕಳು. "ಈ ಮನೆತನದ ಕೊಲೆಸ್ಟ್ರಾಲ್ ಕಾಯಿಲೆ ಕೂಸಿಗೆ ಬಂದಿಲ್ಲಲ್ಲ?" ಅಂತ ಮನಿಯವರು ಕೇಳ್ತಾರ. ಈ ಒಂದು ರಿಪೋರ್ಟ್ ನೋಡಿ ಇಲ್ಲ ಅನ್ನಬಹುದೇನ್ರಿ?

ಬಯೋಕೆಮಿಸ್ಟ್ರಿ, ಕಲಬುರಗಿ:
ಮೊದಲು ಆ 'ಲೋ' ತೆಗೀರಿ. ಅದು ದೊಡ್ಡವರ ರೇಂಜ್. ಹೊಕ್ಕುಳಬಳ್ಳಿ ರಕ್ತದಾಗ ಟೋಟಲ್ ಸರಾಸರಿ 60–70, ಎಲ್‌ಡಿಎಲ್ 30ರ ಆಜುಬಾಜು ಇರೋದೇ ಸಹಜ. ಹಾಲು ಕುಡಿಲಿಕ್ಕೆ ಸುರು ಮಾಡಿದ ಮ್ಯಾಲ ಮೊದಲ ವಾರದಾಗೇ ಏರ್ತದ. ಹಿಂಗಾಗಿ ರಿಪೋರ್ಟಿನಾಗ ಸ್ಯಾಂಪಲ್ ಹೊಕ್ಕುಳಬಳ್ಳಿದೋ ಕೂಸಿಂದೋ, ಕೂಸಿಂದಾದ್ರ ಎಷ್ಟು ದಿನದ್ದು ಅಂತ ಬರೀದಿದ್ರ ಆ ನಂಬರಿಗೆ ಅರ್ಥ ಇಲ್ಲ.

ಸ್ಯಾಂಪಲ್ ತೆಗಿಯುವಾಗ ಬಳ್ಳಿ ಒರೆಸಿ, ರಕ್ತನಾಳಕ್ಕ ಸೂಜಿ ಹಾಕಿ ಎಳೀಬೇಕು. ಹಿಂಡಿ ತೆಗೆದ್ರ ಬಳ್ಳಿಯ ಲೋಳೆ ಸೇರ್ತದ, ಕೆಂಪುಕಣ ಒಡೀತಾವ. ಕಾಮಾಲಿ ಜಾಸ್ತಿ ಇರೋ ಕೂಸಿನ ಸ್ಯಾಂಪಲ್ ಆದ್ರ ಇನ್ನೊಂದು ತೊಡಕು: ನಾವು ಬಳಸೋ ಎನ್ಜೈಮ್ ವಿಧಾನದಾಗ ಬಿಲಿರುಬಿನ್ (ಕಾಮಾಲಿಯ ಹಳದಿ ವಸ್ತು) ಬಣ್ಣದ ಕ್ರಿಯೆಗೆ ಅಡ್ಡ ಬಂದು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಸುಳ್ಳಾಗಿ ಕಡಿಮಿ ತೋರಿಸಬಹುದು.

ಮಕ್ಕಳ ವೈದ್ಯ, ಬೀದರ್:
ಮನೆಯವರ ಪ್ರಶ್ನೆಗೆ ಉತ್ತರ: ಇಲ್ಲ ಅನ್ನಲಾಗದು. ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಇರುವ ಮಗು ಮತ್ತು ಇಲ್ಲದ ಮಗು, ಇಬ್ಬರ ಹೊಕ್ಕುಳಬಳ್ಳಿ ಎಲ್‌ಡಿಎಲ್ ಮಟ್ಟಗಳು ಒಂದರೊಳಗೊಂದು ಬೆರೆತಿರುತ್ತವೆ, ನಡುವೆ ಸ್ಪಷ್ಟ ಗೆರೆ ಇಲ್ಲ. 29 ಬಂತೆಂದು ನಿರಾಳವಾಗುವಂತಿಲ್ಲ.

ಮಗುವಿಗಿಂತ ಮೊದಲು ಅಪ್ಪನನ್ನು ನೋಡಿ. ಎಲ್‌ಡಿಎಲ್ 190 ದಾಟಿದೆ, ಮನೆತನದಲ್ಲಿ ಎಳೆ ವಯಸ್ಸಿಗೇ ಹೃದಯಾಘಾತ ಇದೆ, ಅನುಮಾನಕ್ಕೆ ಇಷ್ಟು ಸಾಕು. ಥೈರಾಯ್ಡ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ ಬೇರೆ ಕಾರಣ ಇಲ್ಲವೆಂದು ಖಚಿತಮಾಡಿಕೊಳ್ಳಿ. ಅಪ್ಪನಿಗೆ ಒಂದು ದೋಷಪೂರಿತ ಜೀನ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಈ ಕಾಯಿಲೆ ಸುಮಾರು 250 ಜನರಲ್ಲಿ ಒಬ್ಬರಿಗಿದೆ, ಅಪರೂಪವೇನಲ್ಲ.

ಇಲ್ಲಿ ಚಿಂತೆ ತಾಯಿಯ ಬಗ್ಗೆ. ಒಂದೇ ಮನೆತನದವರು, ಅವರಲ್ಲೂ ಅದೇ ಜೀನ್ ಇದ್ದರೆ ಮಗು ಎರಡೂ ಕಡೆಯಿಂದ ಪಡೆಯುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಲ್ಲಿ ಎಲ್‌ಡಿಎಲ್ 400 ದಾಟುತ್ತದೆ. ಮೊಣಕಾಲು, ಮೊಣಕೈ, ಕುಂಡೆ, ಬೆರಳುಗಳ ಸಂದಿನಲ್ಲಿ ಹಳದಿ ಗಂಟು ಬರುತ್ತದೆ. ರಕ್ತನಾಳ ಬಾಲ್ಯದಲ್ಲೇ ಕೆಡುತ್ತದೆ. ಆದರೆ ಬಾಣಂತಿಯ ರಕ್ತವನ್ನು ಈಗಲೇ ತೆಗೆಯಬೇಡಿ. ಬಸುರಿನಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಸಹಜವಾಗಿಯೇ ಏರಿರುತ್ತವೆ. ಕನಿಷ್ಠ ಆರು ವಾರ ಬಿಡಿ. ತಾಯಿಯದೂ ಹೆಚ್ಚು ಬಂದರೆ ಮಗುವಿನ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮಾಡಿಸಿ. ಅಪ್ಪನದು ಮಾತ್ರವಾದರೆ ಎರಡು ವರ್ಷ ತುಂಬಿದ ಮೇಲೆ ಸಾಕು. ಜೀನ್ ಪರೀಕ್ಷೆಗೆ ವಯಸ್ಸಿನ ಹಂಗಿಲ್ಲ.

ಎಸ್‌ಎನ್‌ಸಿಯು (ನವಜಾತ ಶಿಶು ವಿಶೇಷ ಆರೈಕೆ ಘಟಕ) ಸಿಸ್ಟರ್:
ಇದಕ್ಕ ಸೇರಿದ್ದೇ ಒಂದು ಮಾತು. ಸ್ಯಾಂಪಲ್ ಹಾಲಿನಂಗ ಬೆಳ್ಳಗ ಬಂದ್ರ ಮೊದಲು ವಾರ್ಡಿಗೆ ಫೋನ್ ಹಚ್ಚಿ, ಕೂಸಿಗೆ ಕೊಬ್ಬಿನ ಡ್ರಿಪ್ ನಡದದೇನು ಅಂತ ಕೇಳ್ರಿ. ಅವಧಿಗೆ ಮುಂಚೆ ಹುಟ್ಟಿದವಕ್ಕ 20% ಕೊಬ್ಬಿನ ಎಮಲ್ಷನ್ ಕೆ.ಜಿ. ತೂಕಕ್ಕ ದಿನಕ್ಕ 1–2 ಗ್ರಾಂ ಕೊಬ್ಬು ಸುರು ಮಾಡಿ 3ರ ತನಕ ಏರಿಸ್ತಾರ, 24 ತಾಸು ಸಣ್ಣಗ ಹರಿಸ್ತಾರ. ಅದೇ ಲೈನಿಂದ ರಕ್ತ ತೆಗೆದ್ರ ನಂಬರ್ ಹುಚ್ಚಾಪಟ್ಟಿ ಬರ್ತದ. ಬೇರೆ ಕೈಯಿಂದ ತೆಗೀಬೇಕು. ಟ್ರೈಗ್ಲಿಸರೈಡ್ 265 ದಾಟಿದ್ರ ಡಾಕ್ಟರಿಗೆ ತಿಳಿಸ್ರಿ, ಪ್ರಮಾಣ ಇಳಿಸ್ತಾರ. ನಂಜು ಏರಿದ ಕೂಸಿನಾಗೂ ಟ್ರೈಗ್ಲಿಸರೈಡ್ ಏರ್ತದ.

ಬಯೋಕೆಮಿಸ್ಟ್ರಿ, ಕಲಬುರಗಿ:
ಡ್ರಿಪ್ ಇಲ್ದೇ ಬೆಳ್ಳಗಿದ್ರ ಸೀರಮ್ ರಾತ್ರಿಯಿಡೀ ಫ್ರಿಜ್ಜಿನಾಗ 4 ಡಿಗ್ರಿಗೆ ಇಡ್ರಿ. ಮ್ಯಾಲ ಕೆನಿ ಕಟ್ಟಿದ್ರ ಕೈಲೋಮೈಕ್ರಾನ್ (ಟ್ರೈಗ್ಲಿಸರೈಡ್ ಹೊರೋ ದೊಡ್ಡ ಕೊಬ್ಬಿನ ಕಣ). ಆದ್ರ ವಾರ್ಡಿಗೆ ಹೇಳ್ಲಿಕ್ಕ ಮುಂಜಾನಿ ತನಕ ಕಾಯಬ್ಯಾಡ್ರಿ. ಟ್ರೈಗ್ಲಿಸರೈಡ್ 1000 ದಾಟಿದ್ರ ಮೇದೋಜೀರಕದ ಉರಿಯೂತಕ್ಕ ದಾರಿ. ಇಂಥ ಸ್ಯಾಂಪಲ್‌ದಾಗ ಸೋಡಿಯಂ ಸುಳ್ಳಾಗಿ ಕಡಿಮಿ, ಹಿಮೋಗ್ಲೋಬಿನ್ ಸುಳ್ಳಾಗಿ ಜಾಸ್ತಿ ಬರಬಹುದು. ಟ್ರೈಗ್ಲಿಸರೈಡ್ 400ರ ಮ್ಯಾಲ ಇದ್ರ ಲೆಕ್ಕದ ಎಲ್‌ಡಿಎಲ್ ಕೊಡಲೇಬ್ಯಾಡ್ರಿ.

ಯಾದಗಿರಿ ಲ್ಯಾಬ್:
ಬಾಣಂತಿಗೆ ತುಪ್ಪ, ಅಂಟಿನುಂಡಿ ಬಂದ್ ಮಾಡಂತ ಅತ್ತಿಯವರು ಕುಂತಾರ. ಡಬ್ಬಿ ಹಾಲಿಗೆ ಹಾಕ್ಲಿಕ್ಕೂ ತಯಾರಿ ನಡದದ.

ಮಕ್ಕಳ ವೈದ್ಯ, ಬೀದರ್:
ಡಬ್ಬಿ ಹಾಲು ಬೇಡವೇ ಬೇಡ. ತಾಯಿ ತಿನ್ನುವ ತುಪ್ಪದಿಂದ ಎದೆಹಾಲಿನ ಕೊಲೆಸ್ಟ್ರಾಲ್ ಅಷ್ಟಾಗಿ ಬದಲಾಗುವುದಿಲ್ಲ. ಅದು 100 ಮಿ.ಲೀ.ಗೆ ಸುಮಾರು 10–20 ಮಿ.ಗ್ರಾಂ. ಸಸ್ಯದೆಣ್ಣೆಯ ಡಬ್ಬಿ ಹಾಲಿನಲ್ಲಿ ತೀರ ಕಡಿಮೆ. ಆದ್ದರಿಂದ ಎದೆಹಾಲು ಕುಡಿಯುವ ಮಗುವಿನ ಕೊಲೆಸ್ಟ್ರಾಲ್ ತುಸು ಹೆಚ್ಚೇ ಇರುತ್ತದೆ, ಅದು ರೋಗವಲ್ಲ. ಎದೆಹಾಲಿನ ಶಕ್ತಿಯಲ್ಲಿ ಅರ್ಧದಷ್ಟು ಕೊಬ್ಬಿನದು, ಬೆಳೆಯುವ ಮೆದುಳಿಗೆ ಅದು ಬೇಕು. ಎರಡು ವರ್ಷದವರೆಗೆ ಮಗುವಿನ ಆಹಾರದಲ್ಲಿ ಕೊಬ್ಬು ಕಡಿತ ಮಾಡಬಾರದು. ಕೈಲೋಮೈಕ್ರಾನ್ ಕಾಯಿಲೆ ಖಚಿತವಾದ ಮಗುವಿನ ಲೆಕ್ಕ ಮಾತ್ರ ಬೇರೆ. ಅದು ತಜ್ಞರ ಕೈಯಲ್ಲಿ.

ಬಾಣಂತಿಗೆ ತುಪ್ಪ ಎಷ್ಟು ಅನ್ನುವುದನ್ನು ಆರು ವಾರದ ನಂತರ ಆಕೆಯದೇ ರಿಪೋರ್ಟ್ ನೋಡಿ ಮಾತಾಡೋಣ.