ಷೇರು ಐದು ಪಟ್ಟಾತು, ಡಿವಿಡೆಂಡ್ ನಾಲ್ಕೇ ರೂಪಾಯಿ ಆತು: ಇದು ಲುಕ್ಸಾನೇನು?

ಗದಗ ಮಾಸ್ತರ: ನಮಸ್ಕಾರ್ರಿ. ನನ್ನ ಹತ್ರ ಒಂದು ಕಂಪನಿದು 40 ಷೇರು ಇದ್ದುವು. ಮುಖಬೆಲೆ, ಅಂದ್ರ ಕಂಪನಿ ಕಾಗದದಾಗ ಷೇರಿಗೆ ಬರದ ಬೆಲೆ, 10 ಇದ್ದದ್ದು 2ಕ್ಕ ಇಳಿಸಿ ಸ್ಪ್ಲಿಟ್ ಮಾಡ್ಯಾರ, ಒಂದು ಷೇರು ಐದು ಆಗೇತಿ. ಷೇರಿನ ಖಾತೆ ಡಿಮ್ಯಾಟ್‌ನಾಗ ಈಗ 200 ತೋರಸ್ತೈತಿ, ದರ 2,000 ಇದ್ದದ್ದು 400ರ ಸುತ್ತ ಬಂದೈತಿ. ಹೋದ ವರ್ಷ ಷೇರಿಗೆ 20 ರೂಪಾಯಿ ಡಿವಿಡೆಂಡ್ (ಲಾಭದ ಪಾಲು) ಕೊಟ್ಟವರು ಈ ಸಲ ನಾಲ್ಕೇ ಅಂದಾರ. ಪಿಂಚಣಿ ಜೋಡಿ ಈ ರೊಕ್ಕಾನೂ ಲೆಕ್ಕಕ್ಕ ಹಿಡಿಯಾಂವ ನಾನು. ಗೆಳೆಯರು ‘ಅಗ್ಗ ಆಗೇತಿ, ಇನ್ನಷ್ಟು ತಗೋರಿ’ ಅಂತಾರ.

ಬ್ಯಾಡಗಿ ಪೇಟಿ: ಕಡಿಮಿ ಆಗಿಲ್ರಿ ಮಾಸ್ತರ. 40ಕ್ಕ 20ರಂಗ ಹಿಡಿದ್ರೂ 800, 200ಕ್ಕ 4ರಂಗ ಹಿಡಿದ್ರೂ 800. ಎರಡೂ ಸಲ ಮುಖಬೆಲೆಯ 200 ಪರ್ಸೆಂಟ್. ಒಂದು ಚೀಲ ಮೆಣಸಿನಕಾಯಿ ಐದು ಚೀಲಕ್ಕ ತುಂಬಿದ್ರ ತೂಕ ಏರಂಗಿಲ್ಲ. ಆದ್ರ ಚೀಲ ಸಣ್ಣದಾದ್ರ ಸಣ್ಣ ಗಿರಾಕಿನೂ ಒಯ್ತಾನ. ನೆಸ್ಲೆ ಇಂಡಿಯಾ 2024ರ ಜನವರಿಯಾಗ ಒಂದು ಷೇರು ಹತ್ತು ಮಾಡ್ತು. ಅದಕ್ಕೂ ಮೊದಲ ಒಂದೇ ಷೇರಿಗೆ 20 ಸಾವಿರದ ಮ್ಯಾಲೆ ಎಣಿಸಬೇಕಿತ್ತು. ತಿಂಗಳಿಗೆ ಐದು ಸಾವಿರ ಉಳಿಸಾಂವ ಹ್ಯಾಂಗ ತಗೋಬೇಕು? ಸ್ಪ್ಲಿಟ್ ಬೇಕ ಬೇಕು.

ಸಪ್ತಾಪುರ ಧಾರವಾಡ: ಎಂಆರ್‌ಎಫ್ ಸ್ಪ್ಲಿಟ್ ಮಾಡೇ ಇಲ್ಲ. 2023ರ ಜೂನ್‌ನಾಗ ಅದರ ಒಂದು ಷೇರು ಲಕ್ಷ ರೂಪಾಯಿ ದಾಟಿತು. ಕಂಪನಿಗೆ ಏನೂ ಕೊರತಿ ಆಗಿಲ್ಲ. ಸ್ಪ್ಲಿಟ್ ಸುದ್ದಿ ಕೇಳಿ ಓಡಿ ಹೋಗಿ ಕೊಳ್ಳೋದು ನನಗ ಒಪ್ಪಿಗಿ ಇಲ್ಲ. ಡಿವಿಡೆಂಡೂ ಪುಕ್ಕಟ ಅಲ್ರಿ. ಎಕ್ಸ್-ಡಿವಿಡೆಂಡ್ ದಿನ (ಆ ದಿನದಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗೂದಿಲ್ಲ) ದರದೊಳಗಿಂದ ಹೆಚ್ಚುಕಡಿಮಿ ಅಷ್ಟೇ ರೊಕ್ಕ ಇಳೀತದ. ಮ್ಯಾಲೆ, 2020ರ ಏಪ್ರಿಲ್‌ದಿಂದ ಅದು ನಮ್ಮ ಆದಾಯಕ್ಕ ಕೂಡ್ತದ. 30 ಪರ್ಸೆಂಟ್ ಸ್ಲ್ಯಾಬ್‌ನವರ 800ರೊಳಗ 240 ತೆರಿಗಿಗೇ ಹೋತು. ಬೆಳೆಯೋ ಕಂಪನಿ ಆ ರೊಕ್ಕ ಧಂದೆಕ್ಕೇ ಹಾಕಲಿ.

ವಿದ್ಯಾನಗರ ಅಕ್ಕ: ಎಲ್ಲಾರೂ 30 ಪರ್ಸೆಂಟ್‌ನವರಲ್ಲರಿ. ಮತ್ತ, ಕಂಪನಿಯಾಗ ಉಳಿದ ರೊಕ್ಕ ಬ್ಯಾಡಾದ ಉದ್ಯೋಗಕ್ಕ ಸುರಿದ್ರ ಕೇಳಾವ್ರು ಯಾರು? ಅದಕ್ಕ ನಾನು ಮೊದಲ ನೀತಿ ಓದ್ತೀನಿ. ಪೇಟಿ ಬೆಲೆಯಾಗ ಮೊದಲ 1,000 ಲಿಸ್ಟೆಡ್ ಕಂಪನಿ ತಮ್ಮ ಡಿವಿಡೆಂಡ್ ನೀತಿ ವೆಬ್‌ಸೈಟಿನಾಗ ಹಾಕಬೇಕು ಅಂತ ಷೇರು ಪೇಟಿ ನೋಡಿಕೊಳ್ಳೋ ಸೆಬಿ ನಿಯಮ ಐತಿ. ಐದು ವರ್ಷದ ಫ್ರೀ ಕ್ಯಾಶ್ ಫ್ಲೋದಾಗ (ಧಂದೆದ ಖರ್ಚು, ಹೂಡಿಕೆ ಕಳೆದು ಉಳಿಯೋ ನಗದು) ಸುಮಾರು 85 ಪರ್ಸೆಂಟ್ ವಾಪಸ್ ಕೊಡ್ತೀವಿ ಅಂತ ಇನ್ಫೋಸಿಸ್ ಬರದಿಟ್ಟೈತಿ. ಹಿಂಗ ಬರದಿದ್ರ ನಾಳೆ ಹಿಡಿದು ಕೇಳಾಕ ಬರ್ತೈತಿ.

ಗದಗ ಮಾಸ್ತರ: ಅಮೆರಿಕಾದಾಗಿರೋ ಮಗ, ‘ಅಲ್ಲಿ ಡಿವಿಡೆಂಡ್ ತಾನ ಷೇರಾಗಿ ಕೂಡ್ತೈತಿ’ ಅಂತಾನ. ನಮ್ಮಲ್ಲಿ?

ಸಪ್ತಾಪುರ ಧಾರವಾಡ: ಅಲ್ಲಿ ಅರ್ಧ, ಕಾಲು ಷೇರೂ ಸಿಗ್ತದ. ನಮ್ಮ ಪೇಟಿಯೊಳಗ ತುಂಡು ಷೇರು ಇಲ್ಲ. 800 ಖಾತೆಗೆ ಬಂದ ಮ್ಯಾಲೆ ನೀವೇ 400ರಂಗ ಎರಡು ಕೊಳ್ಳಬೇಕು. ಕೊಂಡ್ರೂ ತೆರಿಗಿ ತಪ್ಪೂದಿಲ್ಲ. ಮ್ಯೂಚುವಲ್ ಫಂಡಿನ ಡಿವಿಡೆಂಡ್ ಮರುಹೂಡಿಕೆಗೂ ತೆರಿಗಿ ಅದ. ರೊಕ್ಕ ಕೈಗೆ ಬ್ಯಾಡ ಅನ್ನೋರಿಗೆ ಡಿವಿಡೆಂಡ್ ಹಂಚದ ರೊಕ್ಕ ಫಂಡಿನೊಳಗೇ ಇಡೋ ಗ್ರೋತ್ ಆಯ್ಕೆನೇ ಸರಿ.

ವಿದ್ಯಾನಗರ ಅಕ್ಕ: ಮರುಹೂಡಿಕೆ ಆಮ್ಯಾಲೆ, ಡಿವಿಡೆಂಡ್ ನಿಮ್ಮ ಖಾತೆಗೆ ಮುಟ್ಟೇತೋ ಇಲ್ಲೋ ಮೊದಲ ನೋಡ್ರಿ. ನಮ್ಮ ಅಪ್ಪಾರು ಹೋದ ಮ್ಯಾಲೆ ಟ್ರಂಕಿನಾಗ, ಮಡಚಿದ ಧೋತರದ ಕೆಳಗ, ಡಿವಿಡೆಂಡ್ ವಾರಂಟಿನ, ಅಂದ್ರ ಚೆಕ್ಕಿನಂಥ ಕಾಗದದ, ಹನ್ನೊಂದು ಲಕೋಟಿ ಸಿಕ್ಕುವು. ಎರಡು ಮಾತ್ರ ಒಡೆದಿದ್ದುವು. ಒಂದರ ಹಿಂದ ಪೆನ್ಸಿಲ್‌ಲೆ ‘ಬ್ಯಾಂಕಿಗೆ ಹೋಗಬೇಕು’ ಅಂತ ಅವರ ಕೈಯಕ್ಷರ. ಆ ಖಾತೆ ಯಾವಾಗೋ ಬಂದ್ ಆಗಿತ್ತು. ಏಳು ವರ್ಷ ಯಾರೂ ಕೇಳದಿದ್ರ ಆ ಡಿವಿಡೆಂಡ್ ಸರ್ಕಾರದ ಐಇಪಿಎಫ್ ನಿಧಿಗೆ ಹೋಗ್ತೈತಿ, ಸತತ ಏಳು ವರ್ಷ ಕೇಳದಿದ್ರ ಷೇರೂ ಅದರ ಹಿಂದ ಹೋಗ್ತಾವ. ವಾಪಸ್ ತರಾಕ ವಾರಸಾ ಕಾಗದ, ಅಫಿಡವಿಟ್ ಅಂತ ಅವ್ವ ಎಷ್ಟು ಸಲ ಸಹಿ ಮಾಡ್ಯಾಳೋ, ಲೆಕ್ಕಿಲ್ಲ.

ಬ್ಯಾಡಗಿ ಪೇಟಿ: ಅಕ್ಕಾರ, ಇದನ್ನ ಓದಿ ನಮ್ಮ ಕಾಕಾನ ಕಪಾಟು ನೆನಪಾತು. ನಾಳೆನ ತೆಗೆದು ನೋಡ್ತೀನಿ.

ಗದಗ ಮಾಸ್ತರ: ಪಾಸ್‌ಬುಕ್ ತೆಗೆದು ಕುಂತೀನಿ. ಹೋದ ವರ್ಷದ 800 ಬಂದೈತಿ. ಅದರ ಹಿಂದಿನ ವರ್ಷದ್ದು ಕಾಣವಲ್ದು. ಸೋಮವಾರ ಬ್ಯಾಂಕಿಗೆ ಹೊಂಟೀನಿ. ಹೊಸಾ ಷೇರು ಈಗ ತಗೊಳ್ಳಂಗಿಲ್ಲ.