ಡಿಸ್ಕ್ ಇಲ್ಲದೆ ವಿಂಡೋಸ್ 7 ಲ್ಯಾಪ್‌ಟಾಪ್‌ಗೆ ಹೊಸ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಬಹುದಾ? ಅಪ್ಪನ ನುಡಿ ಫೈಲ್‌ಗಳು ಅದರಲ್ಲೇ ಇವೆ

ಹೊಸನಗರದವ
ಅಪ್ಪನ ಲ್ಯಾಪ್‌ಟಾಪ್ 2012ರಲ್ಲಿ ತಂದದ್ದು. ಮೂರನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 7 ಹೋಮ್ ಬೇಸಿಕ್ 64 ಬಿಟ್. ಅಂಗಡಿಯವರು ಡಿವಿಡಿ ಕೊಡಲಿಲ್ಲ. ಅಡಿಯಲ್ಲಿದ್ದ ವಿಂಡೋಸ್ ಲೈಸೆನ್ಸ್ ಕೀ ಸ್ಟಿಕ್ಕರ್ ಸವೆದು ಬೆಳ್ಳಗಾಗಿದೆ. ಕ್ರೋಮ್ 109ರಲ್ಲೇ ನಿಂತಿದೆ, ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ.

ಭಯ ಒಂದೇ. ಅಪ್ಪ ನಿವೃತ್ತ ಮೇಷ್ಟ್ರು. ನಮ್ಮ ಕಡೆ ದೀಪಾವಳಿಗೆ ಹಾಡುವ ಅಂಟಿಗೆ ಪಂಟಿಗೆ ಪದ, ಸೋಬಾನೆ ಪದಗಳನ್ನು ಊರೂರು ತಿರುಗಿ ಕ್ಯಾಸೆಟ್‌ನಲ್ಲಿ ಹಿಡಿದು, ಆಮೇಲೆ ಕೂತು ಟೈಪ್ ಮಾಡಿದ್ದಾರೆ. ಸುಮಾರು 340 ಫೈಲ್, ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಹಾಡಿದ ಅಜ್ಜಿಯರಲ್ಲಿ ಅರ್ಧ ಜನ ಈಗಿಲ್ಲ. ಒಂದು ಸಾಲೂ ಹೋಗಬಾರದು.

ಬೂಟ್ ಬಸಣ್ಣ
ಡಿಸ್ಕ್ ಚಿಂತೆ ಬಿಡಿ. ಮೈಕ್ರೋಸಾಫ್ಟ್ ಸೈಟ್‌ನಲ್ಲೇ ವಿಂಡೋಸ್ 10 ಹಾಕುವ ಪೆನ್‌ಡ್ರೈವ್ ತಯಾರಿಸಿಕೊಡುವ ಮೀಡಿಯಾ ಕ್ರಿಯೇಶನ್ ಟೂಲ್ ಸಿಗುತ್ತೆ. 8 ಜಿಬಿ ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಡಿ, ವಿಂಡೋಸ್ 7 ಒಳಗಿಂದಲೇ ಸೆಟಪ್ ಓಡಿಸಿ. ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಬರುತ್ತೆ. ನುಡಿ ಇದ್ದಲ್ಲೇ ಇರುತ್ತೆ, ಫೈಲ್‌ಗಳೂ ಇದ್ದಲ್ಲೇ. 2022ರಲ್ಲಿ ಇಂಥದ್ದೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 10 ಹಾಕಿದ್ದೇನೆ. ಕೀ ಕೇಳಲೇ ಇಲ್ಲ, ತಾನೇ ಆಕ್ಟಿವೇಟ್ ಆಯಿತು.

ಲೈಸೆನ್ಸ್ ಮೇಷ್ಟ್ರು
"ತಾನೇ ಆಕ್ಟಿವೇಟ್ ಆಯಿತು" ಅನ್ನೋದು 2022ರ ಮಾತು. ಉಚಿತ ಅಪ್‌ಗ್ರೇಡ್ 2016ರ ಜುಲೈ 29ಕ್ಕೇ ಮುಗಿದಿತ್ತು. ಆಮೇಲೂ 7ರ ಕೀ ನಡೆಯುತ್ತಿತ್ತು, ನಿಜ. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ಬಾಗಿಲನ್ನೂ ಮುಚ್ಚಿತು. ಈಗ ಹಾಕಿದರೆ ಪರದೆಯ ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಅನ್ನೋ ಬರಹ ಕೂತಿರುತ್ತೆ. ಅದೂ ಅಲ್ಲದೆ 10ರ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸತ್ತ ಎತ್ತಿಗೆ ಹೊಸ ಮೂಗುದಾರ ಯಾಕೆ?

ಬೂಟ್ ಬಸಣ್ಣ
"ಬೆಂಬಲವೇ ಮುಗಿದಿದೆ" ಅಂತ ಅರ್ಧ ಹೇಳಬೇಡಿ ಮೇಷ್ಟ್ರೇ. 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಬೇಡ.

ಲೈಸೆನ್ಸ್ ಮೇಷ್ಟ್ರು
ನಾನು ಕೇಳಿದ್ದು ಆಕ್ಟಿವೇಶನ್. ನೀವು ಉತ್ತರ ಕೊಟ್ಟಿದ್ದು ಅಪ್‌ಡೇಟ್‌ಗೆ.

ಗದಗ 77
ಇಷ್ಟೊಂದು ಯಾಕೆ? ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬದಲು ಹಾರ್ಡ್‌ಡಿಸ್ಕ್‌ನಲ್ಲೇ ಓಎಸ್‌ನ ಪ್ರತಿ ಇಟ್ಟ ರಿಕವರಿ ಪಾರ್ಟಿಶನ್ ಇರುತ್ತಿತ್ತು. ಆನ್ ಮಾಡುವಾಗ ರಿಕವರಿ ಕೀ ಒತ್ತಿ, ಫ್ಯಾಕ್ಟರಿ ರಿಸ್ಟೋರ್ ಕೊಡಿ. ಹೊಸದರ ಹಾಗೆ ಓಡುತ್ತೆ. ನಾನು ಮೂರು ಸಲ ಮಾಡಿದ್ದೇನೆ.

ಬೂಟ್ ಬಸಣ್ಣ
ಹೊಸನಗರದವರೇ, ದಯವಿಟ್ಟು ಅದನ್ನು ಒತ್ತಬೇಡಿ! ಸಿ ಡ್ರೈವ್ ಪೂರ್ತಿ ಅಳಿಸಿ ಹೋಗುತ್ತೆ. ಡೆಸ್ಕ್‌ಟಾಪ್ ಮೇಲಿರುವ ಫೈಲ್ ಎಲ್ಲ ಸಿ ಡ್ರೈವ್‌ನಲ್ಲೇ ಇರುತ್ತವೆ.

ಲೈಸೆನ್ಸ್ ಮೇಷ್ಟ್ರು
ಈ ಒಂದು ವಿಷಯಕ್ಕೆ ಬಸಣ್ಣನ ಮಾತು ಕೇಳಿ. ಅಷ್ಟೆಲ್ಲ ಅಳಿಸಿಕೊಂಡು ಸಿಗೋದು ಮತ್ತೆ ಅದೇ ವಿಂಡೋಸ್ 7.

ಗದಗ 77
"ಹೊಸದರ ಹಾಗೆ ಓಡುತ್ತೆ" ಅಂದೆ. ಓಡುತ್ತೋ ಇಲ್ಲವೋ ಹೇಳಿ.

ಮುಕ್ತಮನೆ
ಇವತ್ತು 10 ಹಾಕಿ, 2026ರ ಅಕ್ಟೋಬರ್‌ನಲ್ಲಿ ಮತ್ತೆ ಇದೇ ಪ್ರಶ್ನೆ ಹಿಡಿದು ಬರಬೇಕು. ವಿಂಡೋಸ್ 11 ಅಧಿಕೃತವಾಗಿ ಆಗಲ್ಲ. ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನ ಮೇಲೆ ಬೇಕು. ಲಿನಕ್ಸ್ ಮಿಂಟ್ ಅನ್ನೋ ಉಚಿತ ಓಎಸ್ ಹಾಕಿ. ಕೀ ಬೇಡ, ಸ್ಟಿಕ್ಕರ್ ಬೇಡ, ಡಿಸ್ಕ್ ಬೇಡ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವೈಫೈ, ಸೌಂಡ್ ನೋಡಿಕೊಳ್ಳಬಹುದು. ನೀವಾಗಿ ಇನ್‌ಸ್ಟಾಲ್ ಕೊಡೋ ತನಕ ಹಾರ್ಡ್‌ಡಿಸ್ಕ್‌ಗೆ ಏನೂ ಆಗಲ್ಲ. ಇನ್ನು ನುಡಿ ಫಾಂಟ್ ಬಿಡೋ ಕಾಲ ಬಂದು ಎಷ್ಟೋ ವರ್ಷ ಆಯ್ತು.

ಡಿಟಿಪಿ ಅಕ್ಕ
"ಬಿಡೋ ಕಾಲ ಬಂದು ಎಷ್ಟೋ ವರ್ಷ ಆಯ್ತು" ಅಂತ ಹೇಳೋಕೆ ನೀವು ಯಾರು? ನಾನು 19 ವರ್ಷದಿಂದ ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕಾಗದ, ಜಾತ್ರೆ ಕರಪತ್ರ, ಸೊಸೈಟಿ ವಾರ್ಷಿಕ ವರದಿ, ಎಲ್ಲ ನುಡಿಯಲ್ಲೇ. ನಾವು ಪುಟ ಜೋಡಿಸೋ ಪೇಜ್‌ಮೇಕರ್‌ಗೆ ಯುನಿಕೋಡ್, ಅಂದರೆ ಮೊಬೈಲ್, ಗೂಗಲ್ ಎಲ್ಲ ಕಡೆ ನಡೆಯೋ ಅಕ್ಷರ ಸಂಕೇತ, ಗೊತ್ತೇ ಇಲ್ಲ. ಪ್ರೆಸ್‌ನವರು ಕೇಳೋದು ಪೇಜ್‌ಮೇಕರ್ ಫೈಲ್. ನೀವು ಬಂದು ನನ್ನ ಅಂಗಡಿ ನಡೆಸುತ್ತೀರಾ?

ಮುಕ್ತಮನೆ
ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಆಮೇಲೆ 8 ಅಂತ ಬರಲೇ ಇಲ್ಲ. ಆ ಒಂದು ಸಾಫ್ಟ್‌ವೇರ್‌ಗೋಸ್ಕರ ಇಡೀ ಕನ್ನಡ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರಬೇಕಾ? ಹಳೇ ನುಡಿ ಫೈಲ್‌ನ ಒಳಗೆ ಕನ್ನಡ ಅಕ್ಷರವೇ ಇಲ್ಲ ಅಕ್ಕ. ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಅಂಗಿ. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕಿ. "ಅಂಟಿಗೆ" ಅಂತ ಹುಡುಕಿದರೆ 340 ಫೈಲ್‌ನಲ್ಲಿ ಒಂದೂ ಸಿಗಲ್ಲ.

ಡಿಟಿಪಿ ಅಕ್ಕ
"ಒಂದೂ ಸಿಗಲ್ಲ" ಅನ್ನೋದು ಸುಳ್ಳು. ಹುಡುಕೋ ಪೆಟ್ಟಿಗೆಯಲ್ಲಿ ನುಡಿ ಆನ್ ಮಾಡಿಕೊಂಡು ಟೈಪ್ ಮಾಡಿ, ಸಿಗುತ್ತೆ. ನಾನು ದಿನಾ ಹುಡುಕುತ್ತೇನೆ.

ಮುಕ್ತಮನೆ
ಒಂದು ಫೈಲ್ ತೆರೆದು ಅದರೊಳಗೆ ಹುಡುಕೋದು ಬೇರೆ. ಮೊಬೈಲ್‌ನಲ್ಲಿ, ಗೂಗಲ್‌ನಲ್ಲಿ ಹುಡುಕೋದು ಬೇರೆ. ಆ ಪದಗಳು ನಾಳೆ ಒಬ್ಬ ಹುಡುಗಿಗೆ ಬೇಕಾದರೆ ಅವಳು ನಿಮ್ಮ ಅಂಗಡಿಗೆ ಬರಬೇಕಾ?

ಕಗಪ ಕೀಲಿ
ಇಬ್ಬರೂ ಮೂರು ವಿಷಯ ಕಲಸಿಬಿಟ್ಟಿದ್ದೀರಿ. ನುಡಿ ತಂತ್ರಾಂಶ ಒಂದು, ನುಡಿ ಕೀಲಿಮಣೆ ಒಂದು, ಹಳೇ ನುಡಿ ಫಾಂಟ್ ಒಂದು. ತಂತ್ರಾಂಶ ಲಿನಕ್ಸ್‌ಗೆ ಇಲ್ಲ. ಆದರೆ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ, ಅದು ಲಿನಕ್ಸ್‌ನಲ್ಲೂ ಸಿಗುತ್ತೆ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಎಂ17ಎನ್ ಅನ್ನೋ ಕೀಲಿಮಣೆಗಳ ಕಟ್ಟು ಹಾಕಿಕೊಂಡರೆ ಅದೇ ವಿನ್ಯಾಸ ಕಗಪ ಅನ್ನೋ ಹೆಸರಲ್ಲಿ ಬರುತ್ತೆ. ಒತ್ತಕ್ಷರಕ್ಕೆ ಎಫ್ ಕೀ, ಅಲ್ಲೂ ಇಲ್ಲೂ. ಇನ್ನು ಫಾಂಟ್ ಅನ್ನೋದು ಬರೀ ಒಂದು ಟಿಟಿಎಫ್ ಫೈಲ್. ಮಿಂಟ್‌ಗೆ ಕಾಪಿ ಮಾಡಿದರೆ ಅದರ ಬರವಣಿಗೆ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಹಳೇ ಫೈಲ್ ಓದಬಹುದು. ಹೊಸ ಯುನಿಕೋಡ್ ಬರವಣಿಗೆ ನುಡಿಯಲ್ಲೇ ಆಗುತ್ತೆ ಅನ್ನೋದನ್ನೂ ಮರೆತಿದ್ದೀರಿ.

ಡಿಟಿಪಿ ಅಕ್ಕ
"ಲಿಬ್ರೆಆಫೀಸ್‌ನಲ್ಲಿ ಓದಬಹುದು." ಸಾಲು ಒಡೆಯೋ ಜಾಗ ಬದಲಾದರೆ? ಪದ್ಯ ಅದು. ಒಂದು ಸಾಲು ಎರಡಾದರೆ ಹಾಡೋ ಧಾಟಿಯೇ ಗೊತ್ತಾಗಲ್ಲ.

ಮುಕ್ತಮನೆ
ಅದಕ್ಕೇ ಯುನಿಕೋಡ್‌ಗೆ ಬದಲಿಸಿ ಅನ್ನೋದು. ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ಅಂಟಿಸಿ, ಒತ್ತಿ, ಮುಗಿಯಿತು.

ಡಿಟಿಪಿ ಅಕ್ಕ
"ಒತ್ತಿ, ಮುಗಿಯಿತು" ಅಂದವರು 340 ಫೈಲ್ ಕರಡು ತಿದ್ದಿದವರಲ್ಲ! ಹಳೇ ಫಾಂಟ್‌ನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತೆ. ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ಅಲ್ಲಿ ಪರಿವರ್ತಕ ಎಡವಿದರೆ ಯಾರು ಕೂತು ನೋಡುತ್ತಾರೆ? ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿ ಹಾಕುತ್ತೆ. ಒಬ್ಬ ಲೇಖಕರ ಪುಸ್ತಕ ಹೀಗೆ ಹಾಳಾಗಿ ನನ್ನ ಹತ್ತಿರ ಬಂತು. ಹನ್ನೊಂದು ದಿನ ಕೂತಿದ್ದೇನೆ. ನಿಮಗೆ ಸುಮ್ನೆ ಬಟನ್, ನಮಗೆ ಕಣ್ಣು.

ಮುಕ್ತಮನೆ
ಅರ್ಕಾವೊತ್ತಿನ ತೊಂದರೆ ಹಳೇ ಪರಿವರ್ತಕಗಳದ್ದು. ಈಗಿನವು ಅದನ್ನು ಸರಿಯಾಗಿ ಮಾಡುತ್ತವೆ.

ಡಿಟಿಪಿ ಅಕ್ಕ
ಇಂಗ್ಲಿಷ್ ಪದಕ್ಕೆ ಉತ್ತರ ಕೊಡಲಿಲ್ಲ.

ಬೂಟ್ ಬಸಣ್ಣ
ಅವರು ಕೇಳಿದ್ದು ಓಎಸ್. ನೀವಿಬ್ಬರೂ ಅರ್ಕಾವೊತ್ತಿಗೆ ಬಂದು ನಿಂತಿದ್ದೀರಿ.

ಡಿಟಿಪಿ ಅಕ್ಕ
ಅವರು ಕೇಳಿದ್ದು "ಒಂದು ಸಾಲೂ ಹೋಗಬಾರದು" ಅಂತ. ಮೇಲೆ ಹೋಗಿ ಓದಿ ಬಸಣ್ಣ.

ಹೊಸನಗರದವ
ಎಲ್ಲರಿಗೂ ಧನ್ಯವಾದ. ಮೊದಲು 340 ಫೈಲ್, ಜೊತೆಗೆ ಫಾಂಟ್ಸ್ ಫೋಲ್ಡರ್‌ನಲ್ಲಿದ್ದ ನುಡಿ ಟಿಟಿಎಫ್‌ಗಳನ್ನು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಒಂದನ್ನು ನನ್ನ ಅಕ್ಕನ ಮನೆಯಲ್ಲಿಟ್ಟೆ. ಆಮೇಲೆ ಪರಿವರ್ತಕದಲ್ಲಿ ಒಂದು ಫೈಲ್ ಹಾಕಿ ನೋಡಿದೆ. ನಾಲ್ಕು ಪುಟದ ಪದ ಚೆನ್ನಾಗಿಯೇ ಬಂತು. ಅಪ್ಪ ಮೇಲೆ ಇಂಗ್ಲಿಷ್‌ನಲ್ಲಿ ಕ್ಯಾಸೆಟ್ ನಂಬರ್, ಸೈಡ್ ಎ, ಸೈಡ್ ಬಿ ಅಂತ ಬರೆದಿದ್ದರು. ಅದು ಮಾತ್ರ ಅರ್ಥವಿಲ್ಲದ ಅಕ್ಷರ ಆಗಿದೆ.

ಡಿಟಿಪಿ ಅಕ್ಕ
ನೋಡಿದಿರಾ?

ಮುಕ್ತಮನೆ
ನೋಡಿದೆ. ನಾಲ್ಕು ಪುಟ ಸರಿ, ಒಂದು ಸಾಲು ತಪ್ಪು.

ಡಿಟಿಪಿ ಅಕ್ಕ
ಯಾವ ಪದ ಯಾವ ಕ್ಯಾಸೆಟ್‌ನದ್ದು ಅಂತ ಹೇಳೋದೇ ಆ ಒಂದು ಸಾಲು. ಅದು ಹೋದರೆ ಹಾಡಿದವರು ಯಾರು ಅಂತ ಹುಡುಕೋದು ಹೇಗೆ?

ಕಗಪ ಕೀಲಿ
ಮೂಲ ಫೈಲ್ ಅಳಿಸಬೇಡಿ. ಯುನಿಕೋಡ್ ಪ್ರತಿ ಪಕ್ಕದಲ್ಲಿರಲಿ. ಇಂಗ್ಲಿಷ್ ಸಾಲು ಬಿಟ್ಟು ಉಳಿದದ್ದನ್ನು ಮಾತ್ರ ಆಯ್ದು ಪರಿವರ್ತಿಸಿ.

ಲೈಸೆನ್ಸ್ ಮೇಷ್ಟ್ರು
ಆಕ್ಟಿವೇಶನ್ ಪ್ರಶ್ನೆಗೆ ಬಸಣ್ಣ ಇನ್ನೂ ಉತ್ತರ ಕೊಟ್ಟಿಲ್ಲ.

ಬೂಟ್ ಬಸಣ್ಣ
2022ರಲ್ಲಿ ಆಯಿತು ಅಂದೆನಲ್ಲ. ಹೊಸನಗರದವರೇ, ಯಾವ ಓಎಸ್ ಆದರೂ ಹಾಕಿ, ಮೊದಲು ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. 2012ರ ಲ್ಯಾಪ್‌ಟಾಪ್‌ಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತೆ. ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ, ಹಾಗೇ ಬಟ್ಟೆಯಲ್ಲಿ ಸುತ್ತಿ ಇಡಿ. ವಿಂಡೋಸ್ 7, ನುಡಿ, ರಿಕವರಿ ಪಾರ್ಟಿಶನ್ ಎಲ್ಲ ಅದರಲ್ಲಿ ಜೀವಂತ ಇರುತ್ತೆ. ಹೊಸದು ಸರಿಬರದಿದ್ದರೆ ಹಿಂದಕ್ಕೆ ಹಾಕಿಕೊಂಡರಾಯಿತು.

ಹೊಸನಗರದವ
ಎಂಟು ದಿನ ಬಿಟ್ಟು ಬಂದೆ. ಎಸ್‌ಎಸ್‌ಡಿ ಹಾಕಿಸಿ ಅದಕ್ಕೆ ಮಿಂಟ್ ಹಾಕಿದೆ. ವೈಫೈ ತಾನೇ ಬಂತು, ಬ್ಯಾಂಕ್ ಸೈಟ್ ತೆರೆಯಿತು. ನುಡಿ ಫಾಂಟ್ ಕಾಪಿ ಮಾಡಿ ಅಪ್ಪನಿಗೆ ಒಂದು ಫೈಲ್ ತೆರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ದೀಪಾವಳಿ ಪದ ಪೂರ್ತಿ ಗಟ್ಟಿಯಾಗಿ ಓದಿದರು. ಎರಡು ಕಡೆ ಸಾಲು ಮುರಿದಿದೆ ಅಂತ ತೋರಿಸಿದರು. ಕಗಪ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಿದ್ದಾರೆ. ಹಳೇ ಹಾರ್ಡ್‌ಡಿಸ್ಕ್ ಬೀರುವಿನಲ್ಲಿದೆ.

ಮುಕ್ತಮನೆ
ಮೊದಲೇ ಹೇಳಿದ್ದೆ, ಮಿಂಟ್ ಅಂತ.

ಬೂಟ್ ಬಸಣ್ಣ
ಓಡಿದ್ದು ಎಸ್‌ಎಸ್‌ಡಿಯಿಂದ.

ಡಿಟಿಪಿ ಅಕ್ಕ
ಎರಡು ಕಡೆ ಸಾಲು ಮುರಿದಿದೆ ಅಂತ ನಿಮ್ಮ ಅಪ್ಪನೇ ಹೇಳಿದ್ದಾರೆ, ಎಲ್ಲರೂ ಓದಿಕೊಳ್ಳಿ. ಹೊಸನಗರದವರೇ, ಯುನಿಕೋಡ್ ಮಾಡಿದ ಫೈಲ್‌ಗಳನ್ನು ಹತ್ತತ್ತು ಕಳಿಸಿ. ಮೂಲದ ಜೊತೆ ಇಟ್ಟು ಅರ್ಕಾವೊತ್ತು ನೋಡಿಕೊಡುತ್ತೇನೆ, ದುಡ್ಡು ಬೇಡ. ಹಾಗಂತ ನಾನು ನುಡಿ ಬಿಡ್ತೀನಿ ಅಂತ ಯಾರೂ ತಿಳಿಯಬೇಡಿ.